ವಾರಂಟಿ ಕಾರ್ಡಿನೊಳಗಿನ ವಿಜ್ಞಾನ

ಮಕ್ಕಳೇ, ನಿಮ್ಮ ಮನೆಯ ಮಿಕ್ಸಿಯನ್ನು ಯಾವತ್ತಾದರೂ ಕವುಚಿ ಹಾಕಿ ನೋಡಿದ್ದೀರಾ? ಮೊದಲು ಪ್ಲಗ್ ತೆಗೆಯಿರಿ, ಜಾರನ್ನು ಪಕ್ಕಕ್ಕಿಡಿ, ಆಮೇಲೆ ಕವುಚಿ. ಅಡಿಯಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ. ಪಕ್ಕದಲ್ಲೇ ಒಂದು ಪಟ್ಟಿ ಅಂಟಿಸಿರುತ್ತಾರೆ: 230 ವೋಲ್ಟ್, 50 ಹರ್ಟ್ಸ್, 750 ವ್ಯಾಟ್, 30 ಮಿನಿಟು, ಮತ್ತೆ ಉದ್ದನೆಯ ಒಂದು ಸೀರಿಯಲ್ ನಂಬ್ರ. ಹೆಚ್ಚಿನವರು ಇದನ್ನು ಓದುವುದೇ ಇಲ್ಲ. ನಾನೂ ಓದುತ್ತಿರಲಿಲ್ಲ, ಹೋದ ವರ್ಷದ ಆಟಿ ತಿಂಗಳವರೆಗೆ.

ಹತ್ತನೆಯ ಕ್ಲಾಸಿನಲ್ಲಿ ವಿದ್ಯುತ್ತಿನ ತಾಪಪರಿಣಾಮ ಪಾಠ ನಡೆಯುತ್ತಿತ್ತು. ಜೂಲ್‌ನ ನಿಯಮ ಬರೆದು ತಿರುಗಿದೆ. ಹಿಂದಿನ ಬೆಂಚಿನ ಒಬ್ಬಳು ಕೇಳಿದಳು, “ಟೀಚರೇ, ಮಿಕ್ಸಿ ಸುಡುದು ಇದೇ ಕಾರಣಕ್ಕಾ? ನಮ್ಮದು ಸುಟ್ಟುಹೋಗಿದೆ ಅಂತ ಹೇಳ್ತಾರೆ. ವಾರಂಟಿ ಉಂಟು, ಆದ್ರೂ ದುಡ್ಡು ಕೊಡ್ಬೇಕಂತೆ.”

ಅವಳ ಅಮ್ಮ ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಪೊಟ್ಟಣ ಕಟ್ಟಿ ಹತ್ತಿರದ ಅಂಗಡಿಗಳಿಗೆ ಕೊಡುವವರು. ಮಿಕ್ಸಿ ತಂದದ್ದು ಮಂಗಳೂರಿನ ಒಂದು ಅಂಗಡಿಯಿಂದ, ಹದಿನಾಲ್ಕು ತಿಂಗಳ ಹಿಂದೆ. ವಾರಂಟಿ ಎರಡು ವರ್ಷ. ಚೌತಿ, ಓಣಂ ಎರಡೂ ಎದುರಿಗಿರುವಾಗ, ಅಂದರೆ ವರ್ಷದಲ್ಲೇ ಹೆಚ್ಚು ಪೊಟ್ಟಣ ಹೋಗುವ ಹೊತ್ತಿಗೆ, ಅದು ನಿಂತಿತು. ಸರ್ವಿಸ್ ಸೆಂಟರಿನವರು ಹೇಳಿದ್ದು ಎರಡು ಮಾತು. ಒಂದು, ಬಿಲ್ಲಿನಲ್ಲಿ ಎಂತದೂ ಕಾಣುವುದಿಲ್ಲ. ಎರಡು, ಇದು ವ್ಯಾಪಾರಕ್ಕೆ ಓಡಿಸಿದ ಮಿಕ್ಸಿ, ಮನೆಬಳಕೆಯದ್ದಲ್ಲ. ಆದ್ದರಿಂದ ವಾರಂಟಿ ಇಲ್ಲ.

ಈ ಎರಡು ಮಾತನ್ನು ಬಿಡಿಸಿ ನೋಡಲು ನಮ್ಮ ಕ್ಲಾಸಿಗೆ ಎರಡು ವಾರ ಬೇಕಾಯಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಸ್ವಲ್ಪ ಗಣಿತ, ಸ್ವಲ್ಪ ಕಾನೂನು ಎಲ್ಲ ಬಂತು.

ಬಿಳಿಯಾದ ಬಿಲ್ಲು

ಹುಡುಗಿ ಬಿಲ್ಲು ತಂದು ತೋರಿಸಿದಳು. ನಿಜವಾಗಿಯೂ ಬಿಳಿ ಕಾಗದ. ವಾರಂಟಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಕವಾಟಿನಲ್ಲಿ ಜಾಗ್ರತೆಯಾಗಿ ಇಟ್ಟಿದ್ದರು. ತಮಾಷೆಯೆಂದರೆ ಅದು ಹಾಳಾದದ್ದು ಆ ಜಾಗ್ರತೆಯಿಂದಲೇ.

ಈಗಿನ ಅಂಗಡಿ ಬಿಲ್ಲುಗಳಲ್ಲಿ ಹೆಚ್ಚಿನವಕ್ಕೆ ಶಾಯಿಯೇ ಇಲ್ಲ. ಆ ಕಾಗದದ ಮೇಲೆ ಬಣ್ಣವಿಲ್ಲದ ಒಂದು ವರ್ಣದ್ರವ್ಯ ಮತ್ತು ಆಮ್ಲಗುಣದ ಇನ್ನೊಂದು ವಸ್ತು, ಎರಡನ್ನೂ ಬೆರೆಸಿ ಬಳಿದಿರುತ್ತಾರೆ. ಮುದ್ರಣ ಯಂತ್ರದ ತಲೆ ಬೇಕಾದ ಜಾಗದಲ್ಲಿ ಮಾತ್ರ ಬಿಸಿಯಾಗುತ್ತದೆ. ಅಲ್ಲಿ ಎರಡೂ ಕರಗಿ ಸೇರಿ ಕಪ್ಪು ಬಣ್ಣ ಹುಟ್ಟುತ್ತದೆ. ಉಗುರಿನಿಂದ ಅಂಥ ಬಿಲ್ಲಿನ ಮೇಲೆ ಜೋರಾಗಿ ಗೀರಿ ನೋಡಿ, ಘರ್ಷಣೆಯ ಬಿಸಿಗೇ ಕಪ್ಪು ಗೆರೆ ಬರುತ್ತದೆ. ಗೆರೆ ಬಂದರೆ ಅದು ಥರ್ಮಲ್ ಕಾಗದ.

ಬಿಸಿಯಿಂದ ಬಂದ ಈ ಬಣ್ಣ ಗಟ್ಟಿಯಲ್ಲ. ಬಿಸಿಲು, ಎಣ್ಣೆ ಕೈ, ತೇವ ಎಲ್ಲವೂ ಅದನ್ನು ಮಾಸಿಸುತ್ತವೆ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರು ಇನ್ನೂ ಕೆಟ್ಟದ್ದು. ಅದನ್ನು ಮೆತ್ತಗೆ ಮಾಡಲು ಸೇರಿಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಕಾಗದಕ್ಕೆ ಇಳಿದು, ಸೇರಿದ್ದ ಆ ಎರಡು ವಸ್ತುಗಳನ್ನು ಮತ್ತೆ ಬೇರೆ ಮಾಡುತ್ತದೆ. ಅಕ್ಷರ ಮಾಯ. ಬಿಲ್ಲು ಸಿಕ್ಕಿದ ದಿನವೇ ಒಂದು ಫೋಟೊ, ಒಂದು ಜೆರಾಕ್ಸ್ ತೆಗೆದಿಡಿ. ಜೆರಾಕ್ಸಿನ ಕಪ್ಪು ಇಂಗಾಲದ ಪುಡಿಯದ್ದು, ಅದು ಹಾಗೆ ಹೋಗುವುದಿಲ್ಲ.

ಆದರೆ ಬಿಲ್ಲು ಮಾಸಿತೆಂದು ಹಕ್ಕು ಮಾಸುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಹುಡುಗಿಯ ಅಪ್ಪ ಫೋನಿನಲ್ಲಿ ಹಣ ಕಳಿಸಿದ್ದರಿಂದ ತಾರೀಕು ಸಿಕ್ಕಿತು. ತಾರೀಕು ಮತ್ತು ಸೀರಿಯಲ್ ನಂಬ್ರ ಹೇಳಿದಾಗ ಅಂಗಡಿಯವರು ಬಿಲ್ಲನ್ನು ಇನ್ನೊಮ್ಮೆ ಮುದ್ರಿಸಿ ಕೊಟ್ಟರು. ಅಲ್ಲಿಗೆ ಒಂದು ಮಾತು ಮುಗಿಯಿತು. ಬಿಲ್ಲು ಕೇಳಿದರೂ ಕೊಡದಿರುವುದನ್ನು ಕಾನೂನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ, ಇದನ್ನು ನೆನಪಿಡಿ. “ಬಿಲ್ ಬೇಡಾಂದ್ರೆ ನೂರು ರುಪಾಯಿ ಕಮ್ಮಿ” ಅನ್ನುವವರ ಹತ್ತಿರ ಉಳಿಯುವ ನೂರು ರೂಪಾಯಿ ತುಂಬ ದುಬಾರಿಯದ್ದು.

ವಾರಂಟಿ ಯಾಕೆ ಕೊಡುತ್ತಾರೆ?

ಉಪಕಾರಕ್ಕೆ ಎಂದು ಹೆಚ್ಚಿನ ಮಕ್ಕಳು ಉತ್ತರ ಕೊಟ್ಟರು. ಅಲ್ಲ, ಅದೊಂದು ಲೆಕ್ಕ.

ಒಂದೇ ತರದ ಸಾವಿರ ಯಂತ್ರಗಳನ್ನು ಮಾರಿದರೆ ಅವು ಹಾಳಾಗುವುದಕ್ಕೆ ಒಂದು ಕ್ರಮ ಇರುತ್ತದೆ. ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಜಾಸ್ತಿ ಹಾಳಾಗುತ್ತವೆ: ಸರಿಯಾಗಿ ಕೂರದ ಬೆಸುಗೆ, ಸಡಿಲವಾದ ಸುರುಳಿ, ಬಿರುಕುಬಿಟ್ಟ ತಂತಿಪದರ ಇಂಥ ಕಾರ್ಖಾನೆಯ ತಪ್ಪುಗಳು ಬೇಗ ಹೊರಬರುತ್ತವೆ. ಆಮೇಲೆ ಕೆಲವು ವರ್ಷ ಶಾಂತ. ಕೊನೆಗೆ ಸವೆತ ಶುರು. ಬುಷ್ ಸವೆಯುತ್ತದೆ, ಮೋಟಾರಿನ ಕಾರ್ಬನ್ ಬ್ರಷ್ ಗಿಡ್ಡವಾಗುತ್ತದೆ, ರಬ್ಬರ್ ಒಣಗುತ್ತದೆ. ಇದನ್ನು ಗ್ರಾಫಿನಲ್ಲಿ ಬರೆದರೆ ಎರಡೂ ಬದಿ ಏರಿ ನಡುವೆ ಸಪಾಟಾದ ರೇಖೆ ಬರುತ್ತದೆ. ಎಂಜಿನಿಯರುಗಳು ಇದಕ್ಕೆ ಬಾತ್‌ಟಬ್ ರೇಖೆ ಅನ್ನುತ್ತಾರೆ. ನಾವು ಅಗಲ ತಳದ ಬಾಣಲೆ ಎಂದುಕೊಂಡರೂ ಸಾಕು.

ವಾರಂಟಿ ಅವಧಿ ಹೆಚ್ಚಾಗಿ ಬಾಣಲೆಯ ಎಡದ ಅಂಚು ಮತ್ತು ತಳದ ಸ್ವಲ್ಪ ಭಾಗವನ್ನು ಮುಚ್ಚುತ್ತದೆ. ಒಂದು ಕಲ್ಪಿತ ಲೆಕ್ಕ ಮಾಡೋಣ. ಸಾವಿರ ಮಿಕ್ಸಿಗಳಲ್ಲಿ ಎರಡು ವರ್ಷದೊಳಗೆ 30 ಹಾಳಾಗುತ್ತವೆ, ಒಂದರ ರಿಪೇರಿಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 18,000 ರೂಪಾಯಿ. ಸಾವಿರದಿಂದ ಭಾಗಿಸಿದರೆ ಒಂದು ಮಿಕ್ಸಿಗೆ 18 ರೂಪಾಯಿ. ಕಂಪೆನಿ ಈ 18 ರೂಪಾಯಿಯನ್ನು ಬೆಲೆಯೊಳಗೇ ಸೇರಿಸುತ್ತದೆ. ಅಂದರೆ ಕೊಳ್ಳುವಾಗಲೇ ನೀವು ವಾರಂಟಿಗೆ ಹಣ ಕೊಟ್ಟಾಗಿದೆ. ಸರ್ವಿಸ್ ಸೆಂಟರಿನ ಎದುರು ತಲೆ ತಗ್ಗಿಸಿ ನಿಲ್ಲಬೇಕಾದ್ದಿಲ್ಲ.

ಇದೇ ಲೆಕ್ಕದಿಂದ “ಇನ್ನೂ 300 ರೂಪಾಯಿ ಕೊಟ್ಟರೆ ಮತ್ತೊಂದು ವರ್ಷ ವಾರಂಟಿ” ಎಂಬ ಮಾತನ್ನೂ ಪರೀಕ್ಷಿಸಬಹುದು. ಮೂರನೆಯ ವರ್ಷ ಬಾಣಲೆಯ ತಳದಲ್ಲಿದೆ, ಸಾವಿರದಲ್ಲಿ 10 ಹಾಳಾದವು ಎಂದರೆ ತಲೆಗೆ 6 ರೂಪಾಯಿ ಖರ್ಚು. ಅದಕ್ಕೆ 300 ಕೊಡುವುದೇ? ಪರದೆ ಒಡೆದರೆ ಅರ್ಧ ಬೆಲೆ ಹೋಗುವ ಟಿವಿಗೆ ಲೆಕ್ಕ ಬೇರೆಯಾಗಬಹುದು, ಬೇಕಾದ ಅಂಕೆ ಹಾಕಿ ನೀವೇ ಮಾಡಿ ನೋಡಿ.

ಇನ್ನು ಫ್ರಿಜ್ಜಿನ ಬಾಗಿಲಿಗೆ ದೊಡ್ಡದಾಗಿ ಅಂಟಿಸಿದ “10 ವರ್ಷ”. ಸಣ್ಣ ಅಕ್ಷರ ಓದಿದರೆ ಅದು ಕಂಪ್ರೆಸರಿಗೆ ಮಾತ್ರ. ಎಣ್ಣೆಯಲ್ಲಿ ಮುಳುಗಿ, ಉಕ್ಕಿನ ಗೂಡಿನೊಳಗೆ ಮುಚ್ಚಿಕೊಂಡು ಓಡುವ ಯಂತ್ರ ಅದು. ಧೂಳು ಒಳಹೋಗುವುದಿಲ್ಲ, ಸವೆತ ಕಡಿಮೆ. ಉಳಿದ ಭಾಗಗಳಿಗೆ ಹೆಚ್ಚಾಗಿ ಒಂದೇ ವರ್ಷ. ಹಾಳಾಗುವ ಸಂಭವ ಎಲ್ಲಿ ಕಡಿಮೆಯೋ ಅಲ್ಲಿ ವರ್ಷ ಜಾಸ್ತಿ! ಅದು ಮೋಸವಲ್ಲ. ಆದರೆ ಓದುವವರು ನಾವು ಸರಿಯಾಗಿ ಓದಬೇಕು: ಯಾವ ಭಾಗಕ್ಕೆ, ಯಾವ ದಿನದಿಂದ, ಗ್ಯಾಸಿಗೆ ಹಣ ಉಂಟೋ, ಮನೆಗೆ ಬಂದದ್ದಕ್ಕೆ ಹಣ ಉಂಟೋ.

ಕೆಂಪು ಗುಂಡಿ ಮತ್ತು ಖಾಲಿ ಜಾರ್

ಈಗ ಎರಡನೆಯ ಮಾತಿಗೆ ಬರೋಣ. ಸುಟ್ಟದ್ದು ಯಾಕೆ?

ಮಿಕ್ಸಿಯ ಮೋಟಾರು ತಿರುಗುವಾಗ ಅದರಲ್ಲೇ ಒಂದು ಹಿಮ್ಮುಖ ವೋಲ್ಟೇಜ್ ಹುಟ್ಟುತ್ತದೆ. ವೇಗವಾಗಿ ತಿರುಗಿದಷ್ಟು ಅದು ಹೆಚ್ಚು, ಆಗ ಒಳಬರುವ ಕರೆಂಟು ಕಡಿಮೆ. ಗಟ್ಟಿ ಮಸಾಲೆ ಹಾಕಿದಾಗ ವೇಗ ಇಳಿಯುತ್ತದೆ, ಹಿಮ್ಮುಖ ವೋಲ್ಟೇಜ್ ಕುಗ್ಗುತ್ತದೆ, ಕರೆಂಟು ಏರುತ್ತದೆ. ಜೂಲ್ ಹೇಳಿದ ಹಾಗೆ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣ: ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಕೆಂಪು ಗುಂಡಿ ಇರುವುದು ಇದಕ್ಕೇ. ಕರೆಂಟು ಮಿತಿ ಮೀರಿದಾಗ ಅದು ಹೊರಗೆ ಹಾರಿ ಮಂಡಲವನ್ನು ಕಡಿಯುತ್ತದೆ. ಪ್ಲಗ್ ತೆಗೆದು, ತಣಿಯಲು ಬಿಟ್ಟು, ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಗುಂಡಿ ಹಾರಿದ್ದಕ್ಕೇ ಮಿಕ್ಸಿ ಸುಟ್ಟಿತೆಂದು ರಿಪೇರಿಗೆ ಒಯ್ದು ಹಣ ಕೊಟ್ಟು ಬಂದವರು ಎಷ್ಟು ಮಂದಿಯೋ!

ಪಟ್ಟಿಯಲ್ಲಿದ್ದ 30 ಮಿನಿಟು ಎಂಬುದು ನಿಲ್ಲಿಸದೆ ಅರ್ಧ ಗಂಟೆ ಓಡಿಸಬಹುದು ಎಂದಲ್ಲ. ಇವರ ಪುಸ್ತಿಕೆಯಲ್ಲಿ ಐದು ಮಿನಿಟು ಓಡಿಸಿ ಎರಡು ಮಿನಿಟು ನಿಲ್ಲಿಸಿ, ಹೀಗೆ ಆರು ಸಲ ಎಂದಿತ್ತು. ಪುಸ್ತಿಕೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇತ್ತು. ಅಮ್ಮನಿಗೆ ಓದಿ ಹೇಳಿದವರು ಯಾರೂ ಇರಲಿಲ್ಲ. ಆದರೂ ಅವರು ಕೈಯಿಟ್ಟು ನೋಡಿ ಬಿಸಿಯಾದರೆ ನಿಲ್ಲಿಸುತ್ತಿದ್ದರಂತೆ.

ಶನಿವಾರ ಶಾಲೆಯ ಮಲ್ಟಿಮೀಟರ್ ಹಿಡಿದುಕೊಂಡು ಅವರ ಮನೆಗೆ ಹೋದೆವು. ಮಿಕ್ಸಿಯನ್ನು ಬಿಚ್ಚಲಿಲ್ಲ. ಹೊರಗಿನವರು ಬಿಚ್ಚಿದರೆ ವಾರಂಟಿ ಹೋಗುತ್ತದೆಂದು ಕಾರ್ಡಿನಲ್ಲೇ ಬರೆದಿರುತ್ತದೆ. ಪ್ಲಗ್ಗಿನ ಹತ್ತಿರ ವೋಲ್ಟೇಜ್ ಅಳೆದೆವು, 221 ಇತ್ತು. ಮೋಟಾರು ಪೂರ್ತಿ ತಣ್ಣಗಿತ್ತು. ಖಾಲಿ ಜಾರ್ ಇಟ್ಟು, ಮುಚ್ಚಿ, ಕಡಿಮೆ ವೇಗದಲ್ಲಿ ಹಾಕಿದೆವು. ನಲವತ್ತು ಸೆಕೆಂಡಿಗೆ ಗುಂಡಿ ಹಾರಿತು. ಹದಿನೈದು ಮಿನಿಟು ಬಿಟ್ಟು ಇನ್ನೊಮ್ಮೆ, 35 ಸೆಕೆಂಡು. ಮೂರನೆಯ ಸಲ ಸುಟ್ಟ ವಾಸನೆ ಬಂತು, ಸಾಕು ಮಾಡಿದೆವು. ಹುಡುಗಿ ಸಮಯ, ವೋಲ್ಟೇಜ್, ಜಾರಿನಲ್ಲಿ ಏನಿತ್ತು, ಎಷ್ಟು ಸೆಕೆಂಡಿಗೆ ನಿಂತಿತು ಎಲ್ಲವನ್ನೂ ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡಳು. ಅವಳ ತಮ್ಮ ಫೋನಿನಲ್ಲಿ ವಿಡಿಯೊ ತೆಗೆದ. (ಇಂಥದ್ದನ್ನು ದೊಡ್ಡವರಿಲ್ಲದೆ ಮಾಡಬೇಡಿ.)

ಖಾಲಿ ಜಾರಿಗೆ ಭಾರವೇ ಇಲ್ಲ. ವೋಲ್ಟೇಜೂ ಸಾಕಷ್ಟಿದೆ. ಆದರೂ ಕರೆಂಟು ಮಿತಿ ಮೀರುತ್ತದೆ ಎಂದರೆ ತಪ್ಪು ಒಳಗೇ ಇದೆ. ಸುರುಳಿಯ ಸುತ್ತುಗಳ ನಡುವಿನ ಎನಾಮೆಲ್ ಪದರ ಹೋಗಿ ಒಂದಕ್ಕೊಂದು ತಾಗಿರಬಹುದು, ಅಥವಾ ಕೆಂಪು ಗುಂಡಿಯೇ ಕೆಟ್ಟಿರಬಹುದು.

ಸೋಮವಾರ ಕ್ಲಾಸಿನಲ್ಲಿ ಒಬ್ಬ ಒಳ್ಳೆಯ ಪ್ರಶ್ನೆ ಎತ್ತಿದ. “ಟೀಚರೇ, ಮೊದಲೇ ಜಾಸ್ತಿ ಓಡಿಸಿ ಓಡಿಸಿ ಆ ಪದರ ಸುಟ್ಟದ್ದಲ್ಲ ಅಂತ ಹೇಗೆ ಹೇಳುದು?” ನಮ್ಮ ಪ್ರಯೋಗದಿಂದ ಅಷ್ಟನ್ನು ಹೇಳಲಾಗದು, ಅವನು ಹೇಳಿದ್ದು ಸರಿ. ಆದರೆ ಜಾಸ್ತಿ ಓಡಿಸಿದರು ಎಂಬುದಕ್ಕೆ ಸರ್ವಿಸ್ ಸೆಂಟರಿನವರ ಹತ್ತಿರವೂ ಆಧಾರವಿರಲಿಲ್ಲ. ಪೊಟ್ಟಣ ಕಟ್ಟುವ ಮನೆ ಎಂದು ಗೊತ್ತಾದ ಕೂಡಲೇ ಮಾಡಿದ ಊಹೆ ಅದು. ಇಂಥ ಜಗಳ ಗ್ರಾಹಕ ಆಯೋಗಕ್ಕೆ ಹೋದರೆ, ಪರೀಕ್ಷೆ ಮಾಡದೆ ದೋಷ ತಿಳಿಯುವುದಿಲ್ಲ ಎಂದಾದಾಗ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕಾನೂನಿನಲ್ಲೇ ಪ್ರಯೋಗಕ್ಕೆ ಜಾಗ ಇರುವುದು ನನಗೆ ಖುಷಿ ಕೊಟ್ಟ ಸಂಗತಿ.

ಕಾನೂನು ಏನು ಹೇಳುತ್ತದೆ

ನಮ್ಮಲ್ಲಿ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ಕ್ಕೆ. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತೇವೆ. ಈಗ ಜಾರಿಯಲ್ಲಿರುವುದು 2019ರ ಹೊಸ ಕಾಯ್ದೆ, 2020ರ ಜುಲೈಯಿಂದ.

ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಅದರಲ್ಲಿ ಇದೆ, ನಿಜ. ಆದರೆ ಅಲ್ಲೇ ಒಂದು ವಿವರಣೆಯೂ ಇದೆ: ಸ್ವಂತ ಉದ್ಯೋಗದಿಂದ ಜೀವನೋಪಾಯ ಮಾಡಿಕೊಳ್ಳಲೆಂದೇ ಕೊಂಡು ಬಳಸಿದರೆ ಅದು ವ್ಯಾಪಾರದ ಉದ್ದೇಶವಲ್ಲ. ತಾನೇ ಹುರಿದು ತಾನೇ ಪುಡಿಮಾಡಿ ಮಾರುವ ಈ ಅಮ್ಮ ಕಾನೂನಿನ ಕಣ್ಣಿಗೆ ಗ್ರಾಹಕಿಯೇ. ಹೊಲಿಗೆ ಯಂತ್ರ ಇಟ್ಟುಕೊಂಡ ನಿಮ್ಮ ಚಿಕ್ಕಮ್ಮನೂ ಹಾಗೇ. ಇಷ್ಟರಿಂದಲೇ ಗೆದ್ದಾಯಿತು ಎಂದಲ್ಲ. “ಗೃಹಬಳಕೆಗೆ ಮಾತ್ರ” ಎಂಬ ವಾರಂಟಿ ಕಾರ್ಡಿನ ಷರತ್ತನ್ನು ಕಂಪೆನಿ ಮುಂದಿಡುತ್ತದೆ, ಅದನ್ನು ಎದುರಿಸಬೇಕಾಗುತ್ತದೆ. ಆದರೆ ದೂರು ಕೊಡುವ ಬಾಗಿಲು ಮುಚ್ಚುವುದಿಲ್ಲ.

ವಾರಂಟಿ ಕಾರ್ಡೇ ಇಲ್ಲದಿದ್ದರೂ ಮಾರಿದ ವಸ್ತು ಅದರ ಕೆಲಸಕ್ಕೆ ತಕ್ಕದ್ದಾಗಿರಬೇಕು ಎಂಬುದು 1930ರ ಸರಕು ಮಾರಾಟ ಕಾಯ್ದೆಯಷ್ಟು ಹಳೆಯ ಮಾತು. ಹೊಸ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ವಾಪಸು ಪಡೆಯಲು, ಹಣ ಹಿಂದಿರುಗಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟು ದಿನ, ಬರೆಯದಿದ್ದರೆ 30 ದಿನ.

ಗಡಿಯ ಮಕ್ಕಳು ನಾವು ಗಮನಿಸಬೇಕಾದ್ದು ಇನ್ನೊಂದು. ಕಾಸರಗೋಡಿನವರು ಮಂಗಳೂರಿನಲ್ಲಿ ಕೊಳ್ಳುತ್ತೇವೆ, ತಾಳವಾಡಿಯವರು ಚಾಮರಾಜನಗರದಲ್ಲಿ, ಅಕ್ಕಲಕೋಟೆಯವರು ಕಲಬುರಗಿಯಲ್ಲಿ. ಹಳೆಯ ಕಾಯ್ದೆಯಲ್ಲಿ ಮಾರಿದವರು ಇರುವ ಅಥವಾ ವ್ಯವಹಾರ ನಡೆದ ಜಿಲ್ಲೆಗೇ ದೂರು ಕೊಂಡೊಯ್ಯಬೇಕಿತ್ತು. 2019ರ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೂ ಕೊಡಬಹುದು. ಮಂಗಳೂರಿನ ಮಿಕ್ಸಿಗೆ ಕಾಸರಗೋಡಿನ ಆಯೋಗ ಸಾಕು, ಚಾಮರಾಜನಗರದ ಫ್ರಿಜ್ಜಿಗೆ ಈರೋಡಿನದ್ದು. ವಸ್ತುವಿಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಕೊಂಡದ್ದು ನೀವೇ ಆಗಿದ್ದು ನಿಮಗೆ 18 ತುಂಬಿಲ್ಲದಿದ್ದರೆ ನಿಮ್ಮ ಪರವಾಗಿ ಅಪ್ಪ ಅಮ್ಮ ಕೊಡಬಹುದು.

ಅದಕ್ಕೂ ಮೊದಲು 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬ್ರ. ಹದಿನೇಳು ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ಒಂದು. ಕೇರಳದಲ್ಲಿದ್ದುಕೊಂಡು ಕನ್ನಡದಲ್ಲಿ ದೂರು ಹೇಳಬಹುದು! ಅದು ನ್ಯಾಯಾಲಯವಲ್ಲ. ದೂರನ್ನು ಬರೆದುಕೊಂಡು ಕಂಪೆನಿಗೆ ತಲುಪಿಸಿ ಉತ್ತರ ಕೇಳುತ್ತದೆ, ಅಷ್ಟೆ. ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ ಎಂದು ನನ್ನ ಅನಿಸಿಕೆ.

ಎಂತಾಯಿತು?

ಹುಡುಗಿ ಕಂಪೆನಿಗೆ ಒಂದು ಪತ್ರ ಬರೆದಳು. ಬೈಗಳಿಲ್ಲ, ಅಳು ಇಲ್ಲ. ಕೊಂಡ ತಾರೀಕು, ಸೀರಿಯಲ್ ನಂಬ್ರ, ನಿಂತ ದಿನ, ಖಾಲಿ ಜಾರಿನ ಮೂರು ಅಳತೆಗಳು, ಏನು ಬೇಕು, ಎಷ್ಟು ದಿನದೊಳಗೆ ಬೇಕು. ಪ್ರಯೋಗದ ವರದಿ ಬರೆದ ಹಾಗೆಯೇ. ಪಾಠದಲ್ಲಿ ಬರೆಸಿದ್ದಕ್ಕಿಂತ ಚೆನ್ನಾಗಿತ್ತು ಎನ್ನಬೇಕು. ಅಮ್ಮ ಸಹಿ ಹಾಕಿದರು. ಒಂದು ವಾರ ಉತ್ತರವಿಲ್ಲ. 1915ಕ್ಕೆ ಫೋನು ಮಾಡಿ ದೂರಿನ ನಂಬ್ರ ಪಡೆದರು. ಒಂಬತ್ತನೆಯ ದಿನ ಸರ್ವಿಸ್ ಸೆಂಟರಿನಿಂದಲೇ ಕರೆ ಬಂತು, ಮೋಟಾರನ್ನು ಹಣವಿಲ್ಲದೆ ಬದಲಿಸಿ ಕೊಟ್ಟರು. ಕೆಲಸದ ಚೀಟಿಯಲ್ಲಿ ಕಾಯಿಲ್ ದೋಷ ಎಂದು ಬರೆದಿದ್ದರು.

ಆ ಚೀಟಿಯನ್ನು ಬಿಲ್ಲಿನಷ್ಟೇ ಜಾಗ್ರತೆಯಾಗಿ ಇಡಿ ಎಂದು ಹೇಳಿ ಬಂದೆ. ರಿಪೇರಿಯಾದ ಭಾಗಕ್ಕೆ ಸಾಮಾನ್ಯವಾಗಿ ಉಳಿದ ವಾರಂಟಿ ಅವಧಿ ಮಾತ್ರ ಸಿಗುತ್ತದೆ. ಅವಧಿ ಮುಗಿದ ಮೇಲೆ ಅದೇ ದೋಷ ಮರಳಿದರೆ, ಮೊದಲೇ ಇತ್ತು ಎಂದು ತೋರಿಸಲು ಇರುವ ಸಾಕ್ಷಿ ಆ ಚೀಟಿ ಒಂದೇ.

ಮಿಕ್ಸಿ ಬರುವಾಗ ಚೌತಿ ಕಳೆದಿತ್ತು. ಪಕ್ಕದ ಮನೆಯ ಮಿಕ್ಸಿ ಕೇಳಿ ತಂದು ಅರ್ಧದಷ್ಟು ಪೊಟ್ಟಣ ಮಾತ್ರ ಮಾಡಿದ್ದರು. ಆದ ನಷ್ಟಕ್ಕೆ ಪರಿಹಾರ ಕೇಳಲೂ ಕಾನೂನಿನಲ್ಲಿ ಅವಕಾಶ ಉಂಟು, ಕೇಳುವುದಾ ಅಕ್ಕಾ ಎಂದೆ. “ಬೇಡ ಟೀಚರೇ, ಮಿಕ್ಸಿ ಬಂತಲ್ಲ, ಇನ್ನು ಅದರ ಹಿಂದೆ ಹೋದ್ರೆ ಕೆಲ್ಸ ಯಾರು ಮಾಡುದು” ಅಂದರು. ಹುಡುಗಿಗೆ ಅದು ಸರಿ ಕಾಣಲಿಲ್ಲ. ನನಗೂ ಅಷ್ಟು ಸರಿ ಕಾಣಲಿಲ್ಲ, ಆದರೆ ತೀರ್ಮಾನ ಅವರದ್ದು.

ಮಾಡಿ ನೋಡಿ

ಮನೆಯ ಪ್ರತಿಯೊಂದು ವಿದ್ಯುತ್ ಸಾಮಾನಿಗೂ ಒಂದು ಪುಟ ಇಡಿ: ಕೊಂಡ ದಿನ, ಸೀರಿಯಲ್ ನಂಬ್ರ, ವಾರಂಟಿ ಎಲ್ಲಿಯವರೆಗೆ, ಯಾವ ಭಾಗಕ್ಕೆ. ಇಸ್ತ್ರಿಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಹುಡುಕಿ. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ನಂಬ್ರ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಅದನ್ನು ಹಾಕಿದರೆ ಗುರುತು ನಿಜವೋ ನಕಲಿಯೋ ಗೊತ್ತಾಗುತ್ತದೆ.

230 ವೋಲ್ಟಿಗೆ 1000 ವ್ಯಾಟ್ ಕೊಡುವ ಇಸ್ತ್ರಿಪೆಟ್ಟಿಗೆ 180 ವೋಲ್ಟಿನಲ್ಲಿ ಎಷ್ಟು ವ್ಯಾಟ್ ಕೊಡುತ್ತದೆ? ರೋಧ ಬದಲಾಗುವುದಿಲ್ಲ ಎಂದುಕೊಳ್ಳಿ. (ಸುಮಾರು 612 ಬರಬೇಕು.) ಇಸ್ತ್ರಿ ನಿಧಾನ ಬಿಸಿಯಾಗುವುದು ಅದರ ದೋಷವೋ, ಕರೆಂಟಿನದ್ದೋ ಎಂದು ಅಂಗಡಿಗೆ ಒಯ್ಯುವ ಮೊದಲೇ ತಿಳಿಯಬಹುದು.

ಕ್ಲಾಸಿನ ಮೂವತ್ತು ಮನೆಗಳಲ್ಲಿ ಕೇಳಿ, ಪ್ರತಿ ಸಾಮಾನು ಕೊಂಡ ಎಷ್ಟನೆಯ ವರ್ಷ ಮೊದಲ ಸಲ ಹಾಳಾಯಿತು ಎಂದು ಪಟ್ಟಿ ಮಾಡಿ, ಗ್ರಾಫ್ ಬರೆಯಿರಿ. ಬಾಣಲೆ ಕಾಣುತ್ತದೆಯೇ? ಕಾಣದಿದ್ದರೆ ಯಾಕೆ ಕಾಣಲಿಲ್ಲ ಎಂದು ಎರಡು ಕಾರಣ ಬರೆದು ಶಾಲೆಯ ವಿಜ್ಞಾನ ಟೀಚರಿಗೆ ಕೊಡಿ.